ಏವ್‌ಬರಿ: ಕಲ್ಲಿನ ಸುತ್ತಿನೊಳಗೆ ಒಂದು ಊರು

ಇಂಗ್ಲೆಂಡಿನ ವಿಲ್ಟ್‌ಶೈರ್‌ನಲ್ಲಿ ಏವ್‌ಬರಿ ಅಂತ ಒಂದು ಹಳ್ಳಿ ಇದೆ. ಸ್ವಿಂಡನ್‌ನಿಂದ ಡಿವೈಸಸ್ ಕಡೆ ಹೋಗುವ ಬಸ್ಸು ಹತ್ತಿದರೆ, ರಸ್ತೆ ಒಂದು ಕಡೆ ದೊಡ್ಡ ಮಣ್ಣಿನ ಏರಿಯನ್ನು ಸೀಳಿಕೊಂಡು ಒಳಗೆ ನುಗ್ಗುತ್ತದೆ. ಪಕ್ಕದಲ್ಲೇ ಎರಡಾಳೆತ್ತರದ ಕಲ್ಲುಗಳು ನಿಂತಿವೆ. ಅವುಗಳ ಬುಡಕ್ಕೆ ಕುರಿಗಳು ಬೆನ್ನು ಉಜ್ಜಿಕೊಳ್ಳುತ್ತಿರುತ್ತವೆ. ಬಸ್ಸು ನಿಲ್ಲುವುದು ಹುಲ್ಲಿನ ಮಾಡಿನ ಒಂದು ಪಬ್ಬಿನ ಹತ್ತಿರ. ಅಲ್ಲಿಂದ ನಾಲ್ಕು ಹೆಜ್ಜೆ ಪಶ್ಚಿಮಕ್ಕೆ ನಡೆದರೆ ಸಾವಿರ ವರ್ಷ ಹಳೆಯ ಚರ್ಚ್.

ಹಳೇ ಕಾಲದ ಕಲ್ಲಿನ ಸುತ್ತು ಸ್ಟೋನ್‌ಹೆಂಜ್ ಬಗ್ಗೆ ಎಲ್ಲರಿಗೂ ಗೊತ್ತು. ಟಿಕೆಟ್ ತಗೊಂಡು, ಹಗ್ಗದ ಆಚೆ ನಿಂತು, ದೂರದಿಂದ ಫೋಟೋ ಹೊಡೆದು ಬರುತ್ತೇವೆ. ಅಲ್ಲಿಂದ ಸುಮಾರು 30 ಕಿಲೋಮೀಟರ್ ಉತ್ತರಕ್ಕಿರುವ ಏವ್‌ಬರಿಯಲ್ಲಿ ಹಗ್ಗವೂ ಇಲ್ಲ, ಸುತ್ತಿನೊಳಗೆ ಕಾಲಿಡಲು ಟಿಕೆಟ್ಟೂ ಇಲ್ಲ. ಜಗತ್ತಿನ ಅತಿ ದೊಡ್ಡ ಕಲ್ಲಿನ ಸುತ್ತು ಇದು. ಹೊರಸುತ್ತಿನ ಅಡ್ಡಗಲವೇ 330 ಮೀಟರ್ ಆಸುಪಾಸು. ಅದರೊಳಗೆ ಮನೆಗಳಿವೆ, ರಸ್ತೆ ಇದೆ, ಪ್ರಾರ್ಥನಾ ಮಂದಿರ ಇದೆ, ಪಬ್ಬಿದೆ. ಆದರೆ ಊರಿನ ಮುಖ್ಯ ಚರ್ಚ್ ಮಾತ್ರ ಸುತ್ತಿನ ಹೊರಗೆ.

ಹೀಗೇಕೆ? ಇದನ್ನು ಬಿಡಿಸಿಕೊಂಡರೆ ಇಂಗ್ಲೆಂಡಿನ ಹಳ್ಳಿಯೊಂದನ್ನು ನೋಡುವ ರೀತಿಯೇ ಬೇರೆ ಆಗುತ್ತದೆ. ಗೈಡ್ ಪುಸ್ತಕಗಳು ಹಳೇ ಸ್ಮಾರಕ, ಚರ್ಚ್, ಪಬ್ ಅಂತ ಮೂರು ಪಟ್ಟಿ ಮಾಡುತ್ತವೆ. ನನಗೆ ಆ ಪಟ್ಟಿ ಸುಳ್ಳು ಅನ್ನಿಸುತ್ತದೆ. ಮೂರೂ ಒಂದೇ ಊರಿನವರ ಕೆಲಸ. ಏವ್‌ಬರಿಯಲ್ಲಂತೂ ಅವು ಬಹುಮಟ್ಟಿಗೆ ಒಂದೇ ಕಲ್ಲಿನ ಕಥೆ.

ಮೊದಲು, ಪ್ಯಾರಿಷ್ ಅಂದರೇನು?

ಈ ಪದಕ್ಕೆ ಸರಿಸಾಟಿ ಪದ ನಮ್ಮಲ್ಲಿಲ್ಲ. ಒಂದು ಚರ್ಚ್, ಒಬ್ಬ ಪಾದ್ರಿ, ಅವರ ಸುಪರ್ದಿಗೆ ಬರುವ ಇಷ್ಟು ಜಮೀನು, ಇಷ್ಟು ಮನೆ: ಅದು ಪ್ಯಾರಿಷ್. ಆ ಗಡಿಯೊಳಗೆ ಹುಟ್ಟಿದವರಿಗೆ ದೀಕ್ಷಾಸ್ನಾನ, ಮದುವೆ, ಮಣ್ಣು, ಎಲ್ಲವೂ ಆ ಚರ್ಚಿನಲ್ಲೇ. ಬದಲಿಗೆ ರೈತ ತಾನು ಬೆಳೆದಿದ್ದರಲ್ಲಿ ಹತ್ತನೇ ಒಂದು ಪಾಲು ಚರ್ಚಿಗೆ ಕೊಡಬೇಕಿತ್ತು. ಗೋಧಿ, ಉಣ್ಣೆ, ಹಂದಿಮರಿ, ಕೊನೆಗೆ ಮೊಟ್ಟೆ ಕೂಡ. ಗಡಿ ಎಲ್ಲಿದೆ ಅನ್ನುವುದು ದುಡ್ಡಿನ ಪ್ರಶ್ನೆ ಆಗಿದ್ದರಿಂದ ಜನ ಅದನ್ನು ಮರೆಯುವ ಹಾಗಿರಲಿಲ್ಲ. ವರ್ಷಕ್ಕೊಮ್ಮೆ ಊರವರೆಲ್ಲ ಗಡಿ ಸುತ್ತಿ, ಗುರುತಿನ ಕಲ್ಲು, ಮರಗಳನ್ನು ಕೋಲಿನಿಂದ ಬಡಿಯುತ್ತಿದ್ದರು. ಕೆಲವು ಕಡೆ ನೆನಪಿರಲಿ ಅಂತ ಹುಡುಗರಿಗೂ ನಾಲ್ಕು ಬಿಗಿಯುತ್ತಿದ್ದರಂತೆ!

1538ರಲ್ಲಿ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಪ್ರತಿ ಪ್ಯಾರಿಷ್ ಕೂಡ ದೀಕ್ಷೆ, ಮದುವೆ, ಸಾವಿನ ದಾಖಲೆ ಇಡಬೇಕು ಎಂದು ಆಜ್ಞೆ ಮಾಡಿದ. ಇಂಗ್ಲೆಂಡಿನವರು ಇವತ್ತಿಗೂ ತಮ್ಮ ವಂಶದ ಬೇರು ಹುಡುಕುವುದು ಆ ರಿಜಿಸ್ಟರ್‌ಗಳಲ್ಲೇ. 1601ರ ಬಡವರ ಕಾನೂನು ಬಂದಮೇಲೆ ಊರಿನ ಬಡವರಿಗೆ ಅನ್ನ ಹಾಕುವ ಹೊಣೆಯೂ ಪ್ಯಾರಿಷ್ ತಲೆಗೇ ಬಿತ್ತು. ಅಂದರೆ ಚರ್ಚು ದೇವರ ಮನೆಯಷ್ಟೇ ಆಗಿರಲಿಲ್ಲ, ಊರಿನ ಕಚೇರಿಯೂ ಅದೇ. 1894ರಲ್ಲಿ ಕಾನೂನು ಈ ಎರಡನ್ನೂ ಬೇರೆ ಮಾಡಿ, ಹಳ್ಳಿಗಳಿಗೆ ಚುನಾಯಿತ ಪ್ಯಾರಿಷ್ ಕೌನ್ಸಿಲ್ ಕೊಟ್ಟಿತು. ನಮ್ಮ ಗ್ರಾಮ ಪಂಚಾಯಿತಿ ಇದ್ದ ಹಾಗೆ, ಆದರೆ ಅಧಿಕಾರ ಅದಕ್ಕಿಂತ ಕಡಿಮೆ: ಕಾಲುದಾರಿ, ಬೆಂಚು, ಬಸ್ ತಂಗುದಾಣ, ಸ್ಮಶಾನ ಇಂಥವು. ಇಂಗ್ಲೆಂಡಿನಲ್ಲಿ ಈಗ ಇಂಥ ಪ್ಯಾರಿಷ್‌ಗಳು 10 ಸಾವಿರಕ್ಕೂ ಹೆಚ್ಚಿವೆ. ಏವ್‌ಬರಿ ಅವುಗಳಲ್ಲಿ ಒಂದು. ಪಕ್ಕದ ಬೆಕ್‌ಹ್ಯಾಂಪ್ಟನ್, ವೆಸ್ಟ್ ಕೆನೆಟ್, ಏವ್‌ಬರಿ ಟ್ರಸ್ಲೋ ಕೂಡ ಇದರಲ್ಲೇ ಸೇರಿವೆ.

ಕಲ್ಲು ನಿಲ್ಲಿಸಿದವರು

ಕ್ರಿ.ಪೂ. 2850ರಿಂದ 2200ರ ನಡುವೆ, ಹಲವು ತಲೆಮಾರುಗಳಲ್ಲಿ ಈ ಕೆಲಸ ನಡೆದಿದೆ. ಮೊದಲು ಕಂದಕ ತೋಡಿದರು. ಇಲ್ಲಿ ನೆಲ ಸೀಮೆಸುಣ್ಣದ್ದು, ಬೆಳ್ಳಗೆ. ಜಿಂಕೆಯ ಕೊಂಬನ್ನೇ ಗುದ್ದಲಿ ಮಾಡಿಕೊಂಡು 9 ಮೀಟರ್‌ಗೂ ಆಳಕ್ಕೆ ಅಗೆದರು. ತೆಗೆದ ಮಣ್ಣನ್ನು ಹೊರಗೆ ಏರಿಯಾಗಿ ಹಾಕಿದರು. ಇಲ್ಲೊಂದು ವಿಚಿತ್ರ ಇದೆ. ಕೋಟೆಗಾದರೆ ಕಂದಕ ಹೊರಗೆ, ಗೋಡೆ ಒಳಗೆ ಇರುತ್ತದೆ. ಇಲ್ಲಿ ಉಲ್ಟಾ. ಶತ್ರುವನ್ನು ತಡೆಯಲು ಮಾಡಿದ್ದಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಈಗ ಕಂದಕ ಅರ್ಧಕ್ಕೂ ಜಾಸ್ತಿ ತುಂಬಿಹೋಗಿದೆ. ಆದರೂ ಅದರ ಅಂಚಿನಲ್ಲಿ ನಿಂತು ಕೆಳಗೆ ನೋಡಿದರೆ ಕಾಲು ಸ್ವಲ್ಪ ಹಿಂದಕ್ಕೆ ಬರುತ್ತದೆ.

ಹೊರಸುತ್ತಿನಲ್ಲಿ ಮೊದಲು ನೂರರ ಹತ್ತಿರ ಕಲ್ಲುಗಳಿದ್ದವು. ಒಳಗೆ ಇನ್ನೆರಡು ಸಣ್ಣ ಸುತ್ತು. ಕಲ್ಲಿನ ಹೆಸರು ಸಾರ್ಸನ್. ಬಹಳ ಹಿಂದೆ ಇಲ್ಲಿ ಹರಡಿದ್ದ ಮರಳು ಸಿಲಿಕಾ ಕುಡಿದು ಗಟ್ಟಿಯಾಗಿ, ಸುತ್ತಲಿನ ಮೆದು ಮಣ್ಣು ಕೊಚ್ಚಿಹೋದಮೇಲೆ ಬಂಡೆಗಳಾಗಿ ಬಯಲಲ್ಲಿ ಉಳಿದವು. ಫೈಫೀಲ್ಡ್ ಡೌನ್ ಎಂಬ ಪಕ್ಕದ ಬಯಲಲ್ಲಿ ಇನ್ನೂ ಸಾವಿರಾರು ಬಿದ್ದಿವೆ. ಊರವರು ಅವನ್ನು ‘ಬೂದು ಟಗರು’ ಅನ್ನುತ್ತಾರೆ. ದೂರದಿಂದ ನೋಡಿದರೆ ಮಲಗಿದ ಕುರಿಮಂದೆಯೇ ಸರಿ. ಸ್ಟೋನ್‌ಹೆಂಜ್‌ನ ದೊಡ್ಡ ಕಲ್ಲುಗಳಲ್ಲಿ ಹೆಚ್ಚಿನವು ಹೋಗಿದ್ದು ಕೂಡ ಮಾರ್ಲ್‌ಬರೋ ಹತ್ತಿರದ ಕಾಡಿನಿಂದಲೇ ಎಂದು 2020ರಲ್ಲಿ ರಾಸಾಯನಿಕ ಪರೀಕ್ಷೆಯಿಂದ ಗೊತ್ತಾಯಿತು.

ಸ್ಟೋನ್‌ಹೆಂಜ್‌ನವರು ಕಲ್ಲನ್ನು ಕೆತ್ತಿ ಚೌಕ ಮಾಡಿದರು. ಏವ್‌ಬರಿಯವರು ಕೆತ್ತಲಿಲ್ಲ. ಆಕಾರ ನೋಡಿ ಆರಿಸಿದರು, ಎಳೆದು ತಂದರು, ನಿಲ್ಲಿಸಿದರು. ‘ಕೋವ್’ ಎಂದು ಕರೆಯುವ ಜಾಗದಲ್ಲಿರುವ ಒಂದು ಕಲ್ಲು ನೆಲದೊಳಗೇ ಮೂರು ಮೀಟರ್‌ನಷ್ಟು ಇಳಿದಿದೆ. ತೂಕ 100 ಟನ್ ಇರಬಹುದು ಎಂದು ಅಂದಾಜು. ಯಾಕೆ ಮಾಡಿದರು? ಅವರು ಒಂದಕ್ಷರ ಬರೆದಿಟ್ಟಿಲ್ಲ.

ಇದೇ ಪ್ಯಾರಿಷ್‌ನ ದಕ್ಷಿಣಕ್ಕೆ ಸಿಲ್ಬರಿ ಗುಡ್ಡ. ಗುಡ್ಡ ಅನ್ನುತ್ತೇವೆ, ಆದರೆ ಇಡೀ ಗುಡ್ಡ ಮನುಷ್ಯರೇ ಪೇರಿಸಿದ್ದು. ಎತ್ತರ 39 ಮೀಟರ್, ಕಾಲ ಕ್ರಿ.ಪೂ. 2400ರ ಸುಮಾರು. ಒಳಗೆ ಸಿಲ್ ಎಂಬ ರಾಜ ಚಿನ್ನದ ಕುದುರೆ ಮೇಲೆ ಕೂತಿದ್ದಾನೆ ಅಂತ ಕಥೆ. ಈ ಕಥೆ ನಂಬಿ 1776ರಲ್ಲಿ ಗಣಿ ಕೆಲಸದವರನ್ನು ಕರೆಸಿ ನೆತ್ತಿಯಿಂದ ನೇರ ಕೆಳಕ್ಕೆ ಕೊರೆದರು. 1849ರಲ್ಲಿ ಪಕ್ಕದಿಂದ ಸುರಂಗ. 1968ರಲ್ಲಿ ಟಿವಿ ಕ್ಯಾಮೆರಾ ಇಟ್ಟುಕೊಂಡು ಇನ್ನೊಂದು ಸುರಂಗ. ರಾಜನೂ ಇಲ್ಲ, ಕುದುರೆಯೂ ಇಲ್ಲ, ಒಂದು ಸಮಾಧಿಯೂ ಇಲ್ಲ. ಸರಿಯಾಗಿ ಮುಚ್ಚದೇ ಬಿಟ್ಟ ತೂತುಗಳಿಂದ 2000ನೇ ಇಸವಿಯಲ್ಲಿ ಗುಡ್ಡದ ನೆತ್ತಿ ಕುಸಿಯಿತು. 2007-08ರಲ್ಲಿ ಮತ್ತೆ ಸುಣ್ಣಕಲ್ಲು ತುಂಬಿ ರಿಪೇರಿ ಮಾಡಿದರು. ಈಗ ಹತ್ತಲು ಬಿಡುವುದಿಲ್ಲ.

ಹೆಣಗಳು ಬೇಕಿದ್ದರೆ ರಸ್ತೆ ದಾಟಿ ವೆಸ್ಟ್ ಕೆನೆಟ್‌ನ ಉದ್ದ ದಿಬ್ಬಕ್ಕೆ ಹೋಗಬೇಕು. ಅದು ಇನ್ನೂ ಹಳೆಯದು, ಕ್ರಿ.ಪೂ. 3650ರ ಹೊತ್ತಿನದು. ನೂರು ಮೀಟರ್ ಉದ್ದ, ಒಂದು ತುದಿಯಲ್ಲಿ ಐದು ಕಲ್ಲಿನ ಕೋಣೆ. ಸುಮಾರು 36 ಜನರ ಮೂಳೆ ಸಿಕ್ಕಿದೆ. ಒಳಗೆ ನಡೆದು ಹೋಗಬಹುದು. ಮೊಬೈಲ್ ಟಾರ್ಚ್ ಇದ್ದರೆ ಸಾಕು.

ಹೂತಿಟ್ಟವರು, ಒಡೆದವರು

ಈಗ ಮೂರೂವರೆ ಸಾವಿರ ವರ್ಷ ಮುಂದಕ್ಕೆ ಬನ್ನಿ. ಊರಿನ ಜನ ಕ್ರೈಸ್ತರಾಗಿದ್ದಾರೆ. ಸುತ್ತಿನ ಪಶ್ಚಿಮಕ್ಕೆ, ಏರಿಯ ಹೊರಗೆ, ಸೇಂಟ್ ಜೇಮ್ಸ್ ಚರ್ಚ್ ಕಟ್ಟಿದ್ದಾರೆ. ಮಧ್ಯದ ಹಜಾರದ ಗೋಡೆ ಕ್ರಿ.ಶ. 1000ದ ಸುಮಾರಿನದು, ಅಂದರೆ ಫ್ರಾನ್ಸ್ ಕಡೆಯಿಂದ ನಾರ್ಮನ್ನರು ಬಂದು ಗೆಲ್ಲುವುದಕ್ಕೂ ಮುಂಚಿನ ಸ್ಯಾಕ್ಸನ್ ಕಾಲದ್ದು. ಮೇಲೆ ದುಂಡನೆಯ ಪುಟ್ಟ ಕಿಟಕಿಗಳಿವೆ, ಇಂಥವು ಆ ಕಾಲದ ಚರ್ಚುಗಳಲ್ಲಿ ಅಪರೂಪ. ಹೊರಗೆ ಯಾಕೆ ಕಟ್ಟಿದರು ಎಂದರೆ, ಆಗ ಊರೇ ಆ ಕಡೆ ಇತ್ತು ಎನ್ನುವುದು ಸರಳ ಉತ್ತರ. ಹಳೇ ದೇವರ ಜಾಗದ ಬಗ್ಗೆ ಒಂದು ಅಳುಕೂ ಇದ್ದೀತು. 14ನೇ ಶತಮಾನದಲ್ಲಿ ಇದೇ ಜನ ಕಲ್ಲುಗಳ ಪಕ್ಕದಲ್ಲಿ ಗುಂಡಿ ತೋಡಿ, ಒಂದೊಂದಾಗಿ ಕೆಡವಿ ಹೂತರು. ಪಾದ್ರಿ ಹೇಳಿಸಿ ಮಾಡಿಸಿದ್ದೋ, ಉಳುಮೆಗೆ ಅಡ್ಡ ಅಂತ ಮಾಡಿದ್ದೋ, ವಿದ್ವಾಂಸರಲ್ಲಿ ಜಗಳ ಇದೆ. ಉಳುಮೆಗೆ ಅಷ್ಟು ಕಷ್ಟ ಯಾರೂ ಪಡಲಿಕ್ಕಿಲ್ಲ ಅನ್ನುವುದು ನನ್ನ ಅನಿಸಿಕೆ.

1938ರಲ್ಲಿ ಅಂಥ ಒಂದು ಹೂತ ಕಲ್ಲನ್ನು ಎತ್ತಿದಾಗ ಅಡಿಯಲ್ಲಿ ಒಬ್ಬ ಮನುಷ್ಯನ ಅಸ್ಥಿಪಂಜರ ಸಿಕ್ಕಿತು. ಜೊತೆಗೆ ಒಂದು ಕತ್ತರಿ, ಕಬ್ಬಿಣದ ಸಲಾಕೆಯಂಥ ಒಂದು ಉಪಕರಣ, 1320ರ ಹೊತ್ತಿನ ಬೆಳ್ಳಿ ನಾಣ್ಯಗಳು. ಕ್ಷೌರವನ್ನೂ ಸಣ್ಣಪುಟ್ಟ ಶಸ್ತ್ರಚಿಕಿತ್ಸೆಯನ್ನೂ ಮಾಡುತ್ತ ಊರೂರು ತಿರುಗುವವನು, ಕಲ್ಲು ಕೆಡವಲು ಕೈ ಕೊಟ್ಟು ಅಡಿಗೆ ಸಿಕ್ಕಿ ಸತ್ತ ಎಂದು ಎಲ್ಲರೂ ನಂಬಿದರು. ಅಸ್ಥಿಪಂಜರ ಲಂಡನ್ನಿಗೆ ಹೋಯಿತು. ಯುದ್ಧದ ಬಾಂಬಿಗೆ ನಾಶವಾಯಿತು ಎಂದುಕೊಂಡಿದ್ದರು. 1990ರ ದಶಕದ ಕೊನೆಗೆ ನೋಡಿದರೆ ಅಲ್ಲಿನ ಒಂದು ವಸ್ತುಸಂಗ್ರಹಾಲಯದಲ್ಲಿ ಭದ್ರವಾಗಿತ್ತು. ಮತ್ತೆ ಪರೀಕ್ಷೆ ಮಾಡಿದಾಗ, ಕಲ್ಲು ಬಿದ್ದು ಸತ್ತ ಗುರುತು ಕಾಣಲಿಲ್ಲ. ಬಹುಶಃ ಸತ್ತಮೇಲೆ ಅಲ್ಲಿ ಹೂಳಿದ್ದಾರೆ. ಕಲ್ಲು ಮಾತ್ರ ‘ಕ್ಷೌರಿಕನ ಕಲ್ಲು’ ಎಂಬ ಹೆಸರಲ್ಲೇ ನಿಂತಿದೆ.

ಚರ್ಚಿನೊಳಗೆ ಎರಡು ವಸ್ತು ನೋಡಲೇಬೇಕು. ಒಂದು, ದೀಕ್ಷಾಸ್ನಾನದ ಕಲ್ಲಿನ ತೊಟ್ಟಿ. ನಮ್ಮ ಹಳೇ ಮನೆಗಳ ಕಲ್ಲುಬಾನಿಯ ಗಾತ್ರದ್ದು. ಅದರ ಮೈಮೇಲೆ ಕೈಯಲ್ಲಿ ದಂಡ ಹಿಡಿದ ಒಬ್ಬ ಬಿಷಪ್, ಅವನ ಎರಡೂ ಪಕ್ಕ ಬಾಲ ಸುತ್ತಿದ ಹಾವಿನಂಥ ಪ್ರಾಣಿಗಳು. ಹೊಸ ಧರ್ಮ ಹಳೇದನ್ನು ತುಳಿಯುತ್ತಿದೆ ಅಂತ ಕೆಲವರು ಓದುತ್ತಾರೆ. ಹತ್ತಿರದಲ್ಲೇ ಹೂತ ಕಲ್ಲುಗಳಿರುವಾಗ ಹಾಗೆ ಓದುವ ಆಸೆ ಆಗುವುದು ಸಹಜ. ಆದರೆ ಹಾವಿನ ಕೆತ್ತನೆ ಆ ಕಾಲದ ಬೇರೆ ಚರ್ಚುಗಳಲ್ಲೂ ಬೇಕಾದಷ್ಟಿದೆ.

ಇನ್ನೊಂದು, ಹಜಾರಕ್ಕೂ ಪೂಜಾಸ್ಥಳಕ್ಕೂ ನಡುವೆ ಎತ್ತರದಲ್ಲಿರುವ ಮರದ ಅಟ್ಟ. 15ನೇ ಶತಮಾನದ್ದು. ಹಿಂದೆ ಬಹುತೇಕ ಚರ್ಚುಗಳಲ್ಲಿ ಇಂಥ ಅಟ್ಟ ಇತ್ತು, ಅದರ ಮೇಲೆ ದೊಡ್ಡ ಶಿಲುಬೆ. ಇಂಗ್ಲೆಂಡ್ ಪೋಪ್‌ನಿಂದ ಬೇರೆಯಾದಮೇಲೆ ವಿಗ್ರಹಗಳೆಲ್ಲ ತಪ್ಪಾದವು. 1561ರಲ್ಲಿ ರಾಣಿ ಎಲಿಜಬೆತ್ ಅಟ್ಟಗಳನ್ನೂ ಕೆಡವಿ ಎಂದಳು. ಏವ್‌ಬರಿಯಲ್ಲಿ ಅಟ್ಟ ಮಾಯವಾಯಿತು. 1810ರಲ್ಲಿ ಗೋಡೆಯ ಗಾರೆ ಕಿತ್ತಾಗ ಅದು ಹಾಗೇ ಹಿಂದೆ ನಿಂತಿತ್ತು! ಯಾರೋ ಕೆಡವಿದ ಹಾಗೆ ಮಾಡಿ, ಮುಂದೆ ಪಟ್ಟಿ ಹೊಡೆದು ಗಾರೆ ಬಳಿದಿದ್ದರು. ಆಮೇಲೆ ಅದನ್ನು ಸರಿಮಾಡಿ ಬಣ್ಣ ಹಚ್ಚಿ ಮೊದಲಿನ ಜಾಗದಲ್ಲೇ ಕೂರಿಸಿದರು. ಕೆಳಗಿನ ಮರದ ತಡಿಕೆಯ ಬಹುಭಾಗ 19ನೇ ಶತಮಾನದ ಕೆಲಸ, ಮೇಲಿನ ಅಟ್ಟ ಹಳೇದು. ಹಳ್ಳಿಯವರ ಜಾಣತನ ಅಂದರೆ ಇದೇ ಅಲ್ವಾ?

ಇನ್ನು ಸುತ್ತಿನ ಒಳಗಿರುವ ಪ್ರಾರ್ಥನಾ ಮಂದಿರ. ಊರಿಗೆ ಒಂದು ಚರ್ಚಿರುವಾಗ ಇದು ಯಾಕೆ? 1662ರಲ್ಲಿ ಸರ್ಕಾರಿ ಪ್ರಾರ್ಥನಾ ಪುಸ್ತಕ ಒಪ್ಪದ ಸುಮಾರು ಎರಡು ಸಾವಿರ ಪಾದ್ರಿಗಳು ಕೆಲಸ ಕಳೆದುಕೊಂಡರು. 1665ರಲ್ಲಿ ಬಂದ ಇನ್ನೊಂದು ಕಾನೂನು, ಅವರು ಯಾವುದೇ ಪಟ್ಟಣದ ಐದು ಮೈಲಿಯೊಳಗೆ ಕಾಲಿಡಬಾರದು ಎಂದಿತು. ಈಗ ನಕ್ಷೆ ತೆಗೆಯಿರಿ. ಮಾರ್ಲ್‌ಬರೋ, ಕಾಲ್ನ್, ಡಿವೈಸಸ್, ಮೂರೂ ಪಟ್ಟಣಗಳಿಂದ ಏವ್‌ಬರಿ ಐದು ಮೈಲಿಗಿಂತ ಸ್ವಲ್ಪವೇ ಜಾಸ್ತಿ ದೂರ. ಭಿನ್ನಮತದವರಿಗೆ ಇಷ್ಟು ಸಾಕಾಯಿತು. ಅವರು ಇಲ್ಲಿ ಸೇರತೊಡಗಿದರು, ಮಂದಿರ ಕಟ್ಟಿದರು. ಕಟ್ಟಲು ಕಲ್ಲು? ಅಲ್ಲೇ ನಿಂತಿತ್ತಲ್ಲ!

ಸೀಮೆಸುಣ್ಣದ ನೆಲದಲ್ಲಿ ಮನೆ ಕಟ್ಟುವ ಕಲ್ಲು ಸಿಗುವುದಿಲ್ಲ. ಹಾಗಾಗಿ 17, 18ನೇ ಶತಮಾನದಲ್ಲಿ ಊರವರು ಸಾರ್ಸನ್ ಒಡೆಯಲು ಕಲಿತರು. ಕಲ್ಲಿನ ಬುಡಕ್ಕೆ ಗುಂಡಿ ತೋಡಿ ಅದರೊಳಗೆ ಕೆಡವುವುದು, ಹುಲ್ಲು ತುಂಬಿ ಬೆಂಕಿ ಇಡುವುದು, ಕಾದ ಕಲ್ಲಿನ ಮೇಲೆ ಗೆರೆ ಎಳೆದ ಹಾಗೆ ತಣ್ಣೀರು ಸುರಿಯುವುದು, ತಕ್ಷಣ ಅದೇ ಗೆರೆ ಮೇಲೆ ದೊಡ್ಡ ಸುತ್ತಿಗೆಯಿಂದ ಹೊಡೆಯುವುದು. ಢಂ ಎಂದು ಸೀಳುತ್ತದೆ. ನಮ್ಮ ಕಡೆ ಬಂಡೆ ಎಬ್ಬಿಸುವವರೂ ಬೆಂಕಿ ಹಾಕುತ್ತಿದ್ದರು, ಗೊತ್ತಿರಬಹುದು. 1720ರ ಆಸುಪಾಸು ವಿಲಿಯಂ ಸ್ಟೂಕ್ಲಿ ಎಂಬ ವೈದ್ಯ ವರ್ಷ ವರ್ಷ ಬಂದು, ಕಣ್ಣೆದುರೇ ಒಡೆಯುತ್ತಿದ್ದ ಕಲ್ಲುಗಳ ಚಿತ್ರ ಬರೆದುಕೊಂಡ. ಟಾಮ್ ರಾಬಿನ್ಸನ್ ಎಂಬ ಊರಿನವನ ಮೇಲೆ ಅವನಿಗೆ ಎಲ್ಲಿಲ್ಲದ ಸಿಟ್ಟು. ಈ ಕಲ್ಲಿನಲ್ಲಿ ಕಟ್ಟಿದ ಮನೆಗಳು ಚಳಿಗಾಲದಲ್ಲಿ ಬೆವರುತ್ತವೆ, ತೇವಕ್ಕೆ ಮನೆ ಸಾಮಾನು ಕೊಳೆಯುತ್ತದೆ ಎಂದೂ ಬರೆದಿಟ್ಟ. ಬರೆಯುವಾಗ ಸ್ವಲ್ಪ ಖುಷಿ ಆಗಿರಬೇಕು ಪಾಪ.

ಸ್ಟೂಕ್ಲಿಯ ಚಿತ್ರಗಳು ಬಂಗಾರ, ವಿವರಣೆ ಮಾತ್ರ ಹಿತ್ತಾಳೆ. ಇದು ಹಳೇ ಕೆಲ್ಟ್ ಜನರ ಡ್ರೂಯಿಡ್ ಪುರೋಹಿತರ ದೇವಸ್ಥಾನ, ಸುತ್ತಿನಿಂದ ಹೊರಟ ಕಲ್ಲಿನ ಸಾಲುಗಳು ದೊಡ್ಡ ಹಾವಿನ ಆಕಾರದಲ್ಲಿವೆ ಎಂದು ಅವನ ವಾದ. ಡ್ರೂಯಿಡರು ಬಂದಿದ್ದು ಇದಾಗಿ ಎರಡು ಸಾವಿರ ವರ್ಷದ ಮೇಲೆ. ಆದರೆ ಈ ಡ್ರೂಯಿಡ್ ಹುಚ್ಚು ನಮ್ಮ ಸುರಪುರದವರೆಗೂ ಬಂತು. 19ನೇ ಶತಮಾನದ ಮಧ್ಯದಲ್ಲಿ ಅಲ್ಲಿ ಆಡಳಿತ ನೋಡುತ್ತಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್, ಸುರಪುರ ಮತ್ತು ಜೇವರ್ಗಿ ಕಡೆಯ ಕಲ್ಲುಗೋರಿಗಳನ್ನು ಅಗೆಸಿ, ಅಳೆದು, ಚಿತ್ರ ಬರೆಸಿದ. ಪ್ರಕಟಿಸುವಾಗ ಅವುಗಳಿಗೂ ಕೆಲ್ಟ್, ಡ್ರೂಯಿಡ್ ಅಂತಲೇ ಹೆಸರು ಸೇರಿಸಿದ.

ಪಬ್ಬಿಗೆ ಬರೋಣ

ಮೊದಲು ಚರ್ಚೇ ಬಿಯರ್ ಮಾರುತ್ತಿತ್ತು ಅಂದರೆ ನಂಬುತ್ತೀರಾ? ಹಬ್ಬದ ದಿನ ಚರ್ಚಿನ ಮೇಲ್ವಿಚಾರಕರು ಏಲ್ ಎಂಬ ಬಗೆಯ ಬಿಯರ್ ಕಾಯಿಸಿ ಊರವರಿಗೆ ಮಾರಿ, ಬಂದ ದುಡ್ಡಿನಲ್ಲಿ ಮಾಡು ರಿಪೇರಿ ಮಾಡಿಸುತ್ತಿದ್ದರು. ಕುಡಿತ, ಕುಣಿತ ಎಲ್ಲ ಚರ್ಚಿನ ಅಂಗಳದ ಪಕ್ಕದಲ್ಲೇ. 17ನೇ ಶತಮಾನಕ್ಕೆ ಪ್ಯೂರಿಟನ್ನರೆಂಬ ಕಟ್ಟಾ ಪ್ರೊಟೆಸ್ಟಂಟರು ಇದನ್ನು ನಿಲ್ಲಿಸಿದರು. ಕುಡಿಯುವವರು ಕುಡಿಯುವುದು ಬಿಡಲಿಲ್ಲ, ಮನೆಯಲ್ಲೇ ಏಲ್ ಮಾಡಿ ಮಾರುವವರ ಹತ್ತಿರ ಹೋದರು. ಅಂಥ ಮನೆಗಳಿಗೆ ಲೈಸೆನ್ಸ್ ಬೇಕು ಎಂದು 1552ರಲ್ಲೇ ಕಾನೂನಾಗಿತ್ತು. 1830ರಲ್ಲಿ ಇನ್ನೊಂದು ಕಾನೂನು ಬಂದು, ಎರಡು ಗಿನಿ (ಎರಡು ಪೌಂಡಿಗಿಂತ ಸ್ವಲ್ಪ ಜಾಸ್ತಿ) ಕಟ್ಟಿದ ಯಾವ ಮನೆಯವನೂ ಬಿಯರ್ ಮಾರಬಹುದು ಎಂದಿತು. ಜನ ಜಿನ್ ಬಿಟ್ಟು ಬಿಯರ್ ಕುಡಿಯಲಿ ಎನ್ನುವುದೂ ಅದರ ಒಂದು ಉದ್ದೇಶ. ಬೀದಿಗೆ ಮೂರು ಪಬ್ ಆದವು.

ಏವ್‌ಬರಿಯ ರೆಡ್ ಲಯನ್ 17ನೇ ಶತಮಾನದ ಆರಂಭದ ಕಟ್ಟಡ. ಮೊದಲು ರೈತರ ಮನೆ, ಪಬ್ ಲೈಸೆನ್ಸ್ ಸಿಕ್ಕಿದ್ದು 1802ರಲ್ಲಿ. ಕಲ್ಲಿನ ಸುತ್ತಿನೊಳಗಿರುವ ಜಗತ್ತಿನ ಒಂದೇ ಪಬ್ ನಮ್ಮದು ಎಂದು ಅವರು ಹೇಳಿಕೊಳ್ಳುತ್ತಾರೆ. ಒಳಗೆ ಒಂದು ಬಾವಿ ಇದೆ, 86 ಅಡಿ ಆಳ ಅನ್ನುತ್ತಾರೆ. ಅದರ ಮೇಲೆ ಗಾಜು ಹಾಸಿ ಟೇಬಲ್ ಮಾಡಿದ್ದಾರೆ. ನಿಮ್ಮ ಚಿಪ್ಸ್ ತಟ್ಟೆಯ ಕೆಳಗೆ ಬಾವಿ! ಫ್ಲೋರಿ ಎಂಬ ಹೆಣ್ಣಿನ ದೆವ್ವದ ಕಥೆ ಇದಕ್ಕೆ ಅಂಟಿಕೊಂಡಿದೆ. ಅಂತರ್ಯುದ್ಧಕ್ಕೆ ಹೋದ ಗಂಡ ವಾಪಸ್ ಬಂದಾಗ ಹೆಂಡತಿ ಬೇರೆಯವನ ಜೊತೆ ಇದ್ದಳಂತೆ, ಕೊಂದು ಬಾವಿಗೆ ಹಾಕಿದನಂತೆ. ಹಳೇ ಪಬ್ಬಿಗೆ ದೆವ್ವ ಇಲ್ಲದಿದ್ದರೆ ವ್ಯಾಪಾರ ಆಗುವುದಿಲ್ಲವೇನೋ.

ಹೊಸಬರಿಗೆ ಒಂದು ಮಾತು. ಹೋಗಿ ಸುಮ್ನೆ ಕುರ್ಚಿಯಲ್ಲಿ ಕೂತರೆ ಯಾರೂ ಬಂದು ಕೇಳುವುದಿಲ್ಲ. ಕೌಂಟರಿಗೆ ಹೋಗಿ ಹೇಳಬೇಕು, ಅಲ್ಲೇ ದುಡ್ಡು ಕೊಡಬೇಕು. ಒಂದು ಪೈಂಟ್ ಅಂದರೆ 568 ಮಿಲಿ. ಕೈಪಂಪಿನಿಂದ ಎಳೆದು ಕೊಡುವ ಏಲ್ ನೆಲಮಾಳಿಗೆಯ ತಂಪಿನಲ್ಲಿರುತ್ತದೆ, 12 ಡಿಗ್ರಿ ಆಸುಪಾಸು. ಬೆಂಗಳೂರಿನ ಐಸ್‌ನಂಥ ಬಿಯರ್ ಅಭ್ಯಾಸ ಇದ್ದವರಿಗೆ ‘ಬೆಚ್ಚಗಿದೆ’ ಅನ್ನಿಸುತ್ತದೆ. ಕುಡಿಯದವರು ಮಧ್ಯಾಹ್ನ ಊಟಕ್ಕೆ ಅಂತಲೇ ಹೋಗಬಹುದು.

ಪಬ್ಬಿನ ಏಳುಬೀಳು ನೋಡಬೇಕಾದರೆ ಬೆಕ್‌ಹ್ಯಾಂಪ್ಟನ್‌ಗೆ ನಡೆಯಿರಿ. ಲಂಡನ್ನಿನಿಂದ ಬಾತ್‌ಗೆ ಹೋಗುವ ಹಳೇ ರಸ್ತೆ ಇಲ್ಲೇ ಹಾದುಹೋಗುತ್ತದೆ. ಸಾರ್ಸನ್ ಗೋಡೆ, ಹುಲ್ಲಿನ ಮಾಡಿನ ವ್ಯಾಗನ್ ಅಂಡ್ ಹಾರ್ಸಸ್ ಪಬ್ ರಸ್ತೆಗೆ ಮುಖ ಮಾಡಿ ನಿಂತಿದೆ. ಹೆಸರೇ ಹೇಳುವ ಹಾಗೆ ಗಾಡಿ, ಕುದುರೆಗಳ ತಂಗುಮನೆ. 1841ರಲ್ಲಿ ಲಂಡನ್–ಬ್ರಿಸ್ಟಲ್ ರೈಲು ಪೂರ್ತಿ ಓಡತೊಡಗಿತು. ಕುದುರೆ ಗಾಡಿಗಳ ಕಾಲ ಮುಗಿಯಿತು, ಅವನ್ನೇ ನಂಬಿದ್ದ ರಸ್ತೆಬದಿಯ ಎಷ್ಟೋ ತಂಗುಮನೆಗಳು ಬಾಗಿಲು ಹಾಕಿದವು. ಇದು ಹೇಗೋ ಉಳಿಯಿತು.

ಮತ್ತೆ ಎತ್ತಿ ನಿಲ್ಲಿಸಿದವನು

1649ರ ಜನವರಿಯಲ್ಲಿ ಬೇಟೆಗೆ ಬಂದ ಜಾನ್ ಆಬ್ರಿ ಎಂಬ ಪ್ರಾಚೀನ ವಸ್ತುಗಳ ಆಸಕ್ತ ಈ ಊರನ್ನು ನೋಡಿ ದಂಗಾಗಿದ್ದ. ಸ್ಟೋನ್‌ಹೆಂಜ್ ಹಳ್ಳಿ ಚರ್ಚಾದರೆ ಇದು ಕೆಥೆಡ್ರಲ್ ಎಂಬರ್ಥದ ಮಾತು ಬರೆದ. 1663ರಲ್ಲಿ ರಾಜ ಎರಡನೇ ಚಾರ್ಲ್ಸ್‌ನನ್ನೂ ಕರೆತಂದು ತೋರಿಸಿದ. ಅದಾದಮೇಲೂ ಕಲ್ಲು ಒಡೆಯುವುದು ನಿಲ್ಲಲಿಲ್ಲ.

ಕಲ್ಲುಗಳನ್ನು ಮತ್ತೆ ಎತ್ತಿ ನಿಲ್ಲಿಸಿದ್ದು ಮಾತ್ರ ಮಾರ್ಮಲೇಡ್ (ಕಿತ್ತಳೆ ಜಾಮ್) ದುಡ್ಡು. ಸ್ಕಾಟ್‌ಲೆಂಡಿನ ಡಂಡಿ ನಗರದ ಹೆಸರಾಂತ ಮಾರ್ಮಲೇಡ್ ಮನೆತನದ ಅಲೆಕ್ಸಾಂಡರ್ ಕೀಲರ್ 1930ರ ದಶಕದಲ್ಲಿ ಇಲ್ಲಿ ಜಮೀನು ಕೊಂಡು, ಹೂತ ಕಲ್ಲುಗಳನ್ನು ಅಗೆಸಿ ತೆಗೆದು ಅವುಗಳ ಹಳೇ ಗುಂಡಿಯಲ್ಲೇ ನಿಲ್ಲಿಸಿದ. ಒಡೆದುಹೋದ ಕಲ್ಲುಗಳ ಜಾಗದಲ್ಲಿ ಕಾಂಕ್ರೀಟ್ ಗುರುತು ನೆಟ್ಟ. ಇಲ್ಲೊಂದು ವ್ಯಂಗ್ಯ ಇದೆ. ಹಿಂದೆ ಕೆಡವಿ ಹೂತಿಟ್ಟ ಕಲ್ಲುಗಳೇ ಬಚಾವಾದವು, ನಿಂತೇ ಇದ್ದವು ಒಡೆದು ಗೋಡೆಯಾದವು. 1943ರಲ್ಲಿ ಕೀಲರ್ ಎಲ್ಲವನ್ನೂ 12 ಸಾವಿರ ಪೌಂಡಿಗೆ, ಹಳೇ ಜಾಗಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಮಾರಿದ. ಅದು ಬರೀ ಸಾಗುವಳಿ ಜಮೀನಿನ ಬೆಲೆ. 1986ರಲ್ಲಿ ಸ್ಟೋನ್‌ಹೆಂಜ್ ಜೊತೆ ಸೇರಿ ವಿಶ್ವ ಪರಂಪರೆಯ ತಾಣವಾಯಿತು.

ಕೀಲರ್‌ನನ್ನು ಹೊಗಳುವವರು ಒಂದು ವಿಷಯ ಮೆಲ್ಲಗೆ ಹೇಳುತ್ತಾರೆ. ಸುತ್ತು ಚೆನ್ನಾಗಿ ಕಾಣಲಿ ಅಂತ ಒಳಗಿದ್ದ ಕೆಲವು ಮನೆ, ಕಟ್ಟಡಗಳನ್ನು ಅವನು ಕೆಡವಿಸಿದ. ಟ್ರಸ್ಟ್ ಬಂದಮೇಲೂ ಸ್ವಲ್ಪ ಕಾಲ ಅದೇ ನಡೆಯಿತು. ಎಷ್ಟೋ ಕುಟುಂಬಗಳು ಏವ್‌ಬರಿ ಟ್ರಸ್ಲೋದ ಹೊಸ ಮನೆಗಳಿಗೆ ಹೋದವು. ಪ್ರವಾಸಿಗರು ಆ ಕಡೆ ಹೋಗುವುದಿಲ್ಲ.

ಊರು ಬಿಡುವ ಮುಂಚೆ ಉತ್ತರದ ಕಡೆ ರಸ್ತೆಗೆ ತಾಗಿಕೊಂಡೇ ನಿಂತಿರುವ ಸ್ವಿಂಡನ್ ಕಲ್ಲನ್ನು ನೋಡಿ. ವಜ್ರದ ಆಕಾರ, ತೂಕ ಸುಮಾರು 60 ಟನ್. ಇದನ್ನು ಯಾರೂ ಹೂಳಲಿಲ್ಲ, ಒಡೆಯಲಿಲ್ಲ, ಮತ್ತೆ ಎತ್ತಿಯೂ ಇಲ್ಲ. ನಿಲ್ಲಿಸಿದ ದಿನದಿಂದ ಹಾಗೇ ನಿಂತಿದೆ. ನಡುರಾತ್ರಿ ಹನ್ನೆರಡು ಹೊಡೆದಾಗ ಇದು ಎದ್ದು ರಸ್ತೆ ದಾಟುತ್ತದೆ ಅಂತ ಊರಿನವರ ಕಥೆ. ಅಷ್ಟು ಹೊತ್ತಿಗೆ ರೆಡ್ ಲಯನ್ ಬಾಗಿಲು ಹಾಕಿರುತ್ತದೆ, ಹಾಗಾಗಿ ಸಾಕ್ಷಿಗಳು ಸಿಗುವುದು ಕಷ್ಟ.